ಸೇತುವೆ ಅಥವಾ ತತ್ಸಮಾನ

ನನ್ನ ಜನನ ಪ್ರಮಾಣಪತ್ರದಲ್ಲಿ ಹುಟ್ಟಿದ ಸ್ಥಳ ಎಂಬಲ್ಲಿ ‘ಸೇತುವೆ’ ಎಂದು ಬರೆದಿದೆ. ಪರವೂರಿನವರು ಅದನ್ನು ಓದಿ ಅಯ್ಯೋ ಪಾಪ ಎನ್ನುತ್ತಾರೆ. ಯಾರೋ ಹೆತ್ತು ಸೇತುವೆಯ ಮೇಲೆ ಬಿಟ್ಟುಹೋದ ಕೂಸು ಇರಬೇಕು ಎಂದು ಅವರ ಕಲ್ಪನೆ. ಹಾಗೇನೂ ಇಲ್ಲ. ಆಸ್ಪತ್ರೆಗೆ ಹೊರಟಿದ್ದ ನನ್ನಮ್ಮನಿಗೆ ನಡುಹೊಳೆಯಲ್ಲಿ ನೋವು ಜೋರಾಯಿತು, ಸೇತುವೆ ಅಲ್ಲಿಯೇ ನಿಂತುಕೊಂಡಿತು, ಸೇತುವೆಯ ಹೆಂಡತಿ ದಡದಿಂದ ನೀರಿಗಿಳಿದು ಬಂದು ಹೆರಿಗೆ ಮಾಡಿಸಿದಳು. ಸೇತುವೆಯ ಹೆಸರು ಬೋರಲಿಂಗ. ಹೆಂಡತಿಯ ಹೆಸರು ಪುಟ್ಟಚೌಡಿ.

ನಮ್ಮೂರಿನ ಪುರಸಭೆ ಏನನ್ನೇ ಕೊಳ್ಳಲಿ, ಟೆಂಡರ್ ಪ್ರಕಟಣೆಯಲ್ಲಿ ವಸ್ತುವಿನ ಹೆಸರಿನ ಜೊತೆ ‘ಅಥವಾ ತತ್ಸಮಾನ’ ಎಂಬ ಎರಡು ಪದ ಇರಲೇಬೇಕು. ಬೇರೆ ಊರುಗಳಲ್ಲೂ ಇರುತ್ತದಂತೆ, ಆದರೆ ಅಲ್ಲಿ ಅದನ್ನು ಯಾರೂ ಓದುವುದಿಲ್ಲ. ನಾವು ಓದುತ್ತೇವೆ, ಓದಿದ ಮೇಲೆ ನಂಬುತ್ತೇವೆ. ಹುಲ್ಲು ಕತ್ತರಿಸುವ ಯಂತ್ರ ಅಥವಾ ತತ್ಸಮಾನ ಎಂದು ಕರೆದಾಗ ಮೇಕೆ ಬಂತು. ಉದ್ಯಾನದವರು ಅದರ ಕೊರಳಿಗೆ ಆಸ್ತಿ ಸಂಖ್ಯೆಯ ತಗಡು ಕಟ್ಟಿ ಸುಮ್ಮನಾದರು. ಗಡಿಯಾರ ಗೋಪುರ ಕೇಳಿದಾಗ ಒಂದು ಹುಂಜ ಬಂತು. ಟ್ರಾಫಿಕ್ ಸಿಗ್ನಲ್ ಕೇಳಿದಾಗ ಶಾಲೆಯ ನಿವೃತ್ತ ಮೇಡಂ ರುಕ್ಮಾಬಾಯಿ ಬಂದರು. ಅವರು ವೃತ್ತದ ನಡುವೆ ಕುರ್ಚಿ ಹಾಕಿಕೊಂಡು ಒಮ್ಮೆ ಕೆಂಪು ಶಾಲು, ಒಮ್ಮೆ ಹಸಿರು ಶಾಲು ಹೊದ್ದು ಕೂರುತ್ತಾರೆ. ಹಳದಿ ತಮ್ಮ ಮೈಬಣ್ಣಕ್ಕೆ ಒಪ್ಪುವುದಿಲ್ಲವೆಂದು ಅದನ್ನು ಮೊದಲ ದಿನವೇ ಕೈಬಿಟ್ಟರು. ಅದರಿಂದ ಆದ ಅಪಘಾತಗಳು ಸಹಿಸಿಕೊಳ್ಳಬಹುದಾದಷ್ಟೇ.

ಬೋರಲಿಂಗ ಬಂದದ್ದು ಮೂವತ್ತು ವರ್ಷಗಳ ಹಿಂದೆ. ಎತ್ತರದ, ಅಗಲ ಬೆನ್ನಿನ ಆಳು. ಬೆನ್ನಿಗೆ ಬೆತ್ತದ ಬುಟ್ಟಿ ಕಟ್ಟಿಕೊಂಡು, ಅದರಲ್ಲಿ ಜನರನ್ನು ಕೂರಿಸಿಕೊಂಡು ಹೊಳೆ ದಾಟಿಸುತ್ತಿದ್ದ. ದಡದಲ್ಲಿ ‘ಭಾರಮಿತಿ ಎಂಬತ್ತು ಕಿಲೋ, ನಿಧಾನವಾಗಿ ಚಲಿಸಿ’ ಎಂಬ ಬೋರ್ಡು ನೆಟ್ಟರು. ನಾಲ್ಕು ವರ್ಷಕ್ಕೊಮ್ಮೆ ಲೋಕೋಪಯೋಗಿ ಇಲಾಖೆಯವರು ಬಂದು ಅವನ ಮೊಣಕಾಲಿಂದ ಕೆಳಗೆ ಹಳದಿ ಕಪ್ಪು ಪಟ್ಟೆ ಬಳಿದು ಹೋಗುತ್ತಿದ್ದರು. ಸೇತುವೆಗೆ ಸಂಬಳ ಕೊಡುವ ಕ್ರಮ ಎಲ್ಲಿಯೂ ಇಲ್ಲವಾದ್ದರಿಂದ ಅವನಿಗೆ ಸಂಬಳವಿರಲಿಲ್ಲ, ನಿರ್ವಹಣೆ ಇತ್ತು. ಅವನ ಮುದ್ದೆ ಸಾರು ಕಡತದಲ್ಲಿ ‘ಬಿರುಕು ತುಂಬುವ ಸಾಮಗ್ರಿ’ ಎಂದು ದಾಖಲಾಗುತ್ತಿತ್ತು. ಮಳೆಗಾಲದಲ್ಲಿ ಹೊಳೆ ತುಂಬಿದಾಗ ‘ಸೇತುವೆ ಬಂದ್’ ಎಂಬ ಫಲಕ ಹಾಕುತ್ತಿದ್ದರು. ಅಂದರೆ ಸೇತುವೆ ನಿಜವಾಗಿ ಬೇಕಾದ ಎರಡು ತಿಂಗಳು ಅದು ಇರುತ್ತಿರಲಿಲ್ಲ. ಈ ವಿಷಯದಲ್ಲಿ ಅವನು ಬೇರೆ ಯಾವ ಊರಿನ ಸೇತುವೆಗೂ ಕಡಿಮೆಯಿರಲಿಲ್ಲ.

ನಾನು ದಿನಾ ಬೆಳಿಗ್ಗೆ ಅವನ ಬುಟ್ಟಿಯಲ್ಲಿ ಕೂತು ಆಚೆ ದಡದ ಸಾರ್ವಜನಿಕ ಖರೀದಿ ಸಂಶೋಧನಾ ಕೇಂದ್ರಕ್ಕೆ ಹೋಗುತ್ತಿದ್ದೆ. ಅಲ್ಲಿ ನಾನು ದತ್ತಾಂಶ ವಿಶ್ಲೇಷಕಿ. ಕಡತದ ಪ್ರಕಾರ ಹೇಳುವುದಾದರೆ ‘ದತ್ತಾಂಶ ವಿಶ್ಲೇಷಣಾ ತಂತ್ರಾಂಶ ಅಥವಾ ತತ್ಸಮಾನ, ಒಂದು ಸಂಖ್ಯೆ’. ಬಾಳಿಕೆ ಏಳು ವರ್ಷ. ಪುರಸಭೆಯ ಹಳೆಯ ಟೆಂಡರ್ ಕಡತಗಳನ್ನೆಲ್ಲ ಓದಿ, ಯಾವುದಕ್ಕೆ ಎಷ್ಟು ಜನ ಬಿಡ್ ಹಾಕಿದರು, ಯಾರು ಗೆದ್ದರು, ಏನು ಬಂತು ಎಂದು ಕಂಪ್ಯೂಟರಿಗೆ ಹಾಕಿ, ಅದರಲ್ಲಿ ಏನಾದರೂ ಜಾಡು ಕಾಣುತ್ತದೆಯೇ ಎಂದು ಹುಡುಕುವುದು ನನ್ನ ಕೆಲಸ. ಜಾಡು ಹುಡುಕಲು ಮೂರು ದಿನ ಸಾಕಾಯಿತು. ನಮ್ಮೂರಿನಲ್ಲಿ ಯಾವ ಟೆಂಡರಿಗೂ ಬಿಡ್ ಹಾಕುವುದು ಮೂರೇ ಸಂಸ್ಥೆಗಳು: ಮುಂಜಾವು ನಿರ್ಮಾಣ, ನಡುಹಗಲು ನಿರ್ಮಾಣ ಮತ್ತು ಮುಸ್ಸಂಜೆ ನಿರ್ಮಾಣ. ಮೂರೂ ಗುತ್ತಿಗೆದಾರ ಜಯಸಿಂಹನವೇ. ಅವನೇ ಬೆಳಿಗ್ಗೆ ಒಂದು, ಮಧ್ಯಾಹ್ನ ಒಂದು, ಸಂಜೆ ಒಂದು ಲಕೋಟೆ ತಂದು ಪೆಟ್ಟಿಗೆಗೆ ಹಾಕುತ್ತಿದ್ದ. ಪ್ರತಿಸಲವೂ ಅಂಗಿ ಬದಲಿಸುತ್ತಿದ್ದ ಎನ್ನುವುದೊಂದೇ ಅವನು ಕಾನೂನಿಗೆ ತೋರಿಸುತ್ತಿದ್ದ ಮರ್ಯಾದೆ.

ಇನ್ನೂ ಒಂದು ಜಾಡಿತ್ತು. ಮೂರು ಸಂಸ್ಥೆಗಳ ಕಾಗದಗಳಲ್ಲೂ ಕಾಗುಣಿತದ ತಪ್ಪುಗಳು ಒಂದೇ. ಒಬ್ಬರು ಕುರ್ಚಿಯನ್ನು ಕುರಿಚಿ ಎಂದರೆ ಮೂವರೂ ಕುರಿಚಿ ಎನ್ನುತ್ತಿದ್ದರು. ಪುಣ್ಯಕ್ಕೆ ಆಸ್ಪತ್ರೆಗೆ ಬಂದದ್ದು ಕುರ್ಚಿಗಳೇ, ಆದರೆ ಜೊತೆಗೆ ನಾಲ್ಕು ಕುರಿಗಳೂ ಬಂದವು. ಏಳು ವರ್ಷಗಳ ಇನ್ನೂರ ಹನ್ನೆರಡು ಟೆಂಡರುಗಳಲ್ಲಿ ಜೊತೆಜೊತೆಯಾಗಿ ಹುಟ್ಟಿದ ಈ ತಪ್ಪುಗಳನ್ನೆಲ್ಲ ನಾನು ಒಂದು ಕೋಷ್ಟಕ ಮಾಡಿ ವರದಿ ಬರೆದೆ. ನಮ್ಮ ನಿರ್ದೇಶಕರು ಶ್ರೀಕಂಠಾಚಾರ್ ಅದನ್ನು ಮೆಚ್ಚಿ, ಕೊನೆಯಲ್ಲಿ ತಮ್ಮ ಕೈಯಾರೆ ‘ಹೆಚ್ಚಿನ ಅಧ್ಯಯನದ ಅಗತ್ಯವಿದೆ’ ಎಂಬ ಸಾಲು ಸೇರಿಸಿ ಬೀರುವಿನಲ್ಲಿಟ್ಟು ಬೀಗ ಹಾಕಿದರು. ನಮ್ಮ ಕೇಂದ್ರದ ಎಲ್ಲ ವರದಿಗಳೂ ಆ ಸಾಲಿನಿಂದಲೇ ಮುಗಿಯುತ್ತವೆ.

ವರದಿಗೆ ಬೀಗ ಬಿದ್ದ ಬೇಜಾರಿಗೆ ನಾನು ಯಾರಿಗೂ ನೋವಾಗದ ಒಂದು ಕೆಲಸ ಕೈಗೆತ್ತಿಕೊಂಡೆ. ಪುರಸಭೆಯ ಆಸ್ತಿಗಳನ್ನೆಲ್ಲ ಅವುಗಳ ಬಾಳಿಕೆ ಮುಗಿಯುವ ದಿನಾಂಕದ ಪ್ರಕಾರ ಜೋಡಿಸಿ ಒಂದು ಚೆಂದದ ಪಟ್ಟಿ ಮಾಡಿದೆ. ಮೊದಲ ಸಾಲಿನಲ್ಲಿ ಸೇತುವೆ ಬಂತು, ಬಾಳಿಕೆ ಮೂವತ್ತು ವರ್ಷ, ಮುಗಿದು ಹನ್ನೊಂದು ದಿನ. ಎರಡನೆಯ ಸಾಲಿನಲ್ಲಿ ನಾನೇ ಬಂದೆ, ಇನ್ನು ಆರು ವಾರ. ಅದನ್ನು ನೋಡಿ ನಕ್ಕೆ. ನಕ್ಕು, ಬಣ್ಣ ತುಂಬಿ, ಪುರಸಭೆಯ ಖರೀದಿ ಅಧಿಕಾರಿ ಪರಮಶಿವಯ್ಯನವರಿಗೆ ಕಳಿಸಿದೆ. ನನ್ನಂಥ ಬುದ್ಧಿವಂತೆ ಊರಲ್ಲಿ ಇನ್ನೊಬ್ಬಳಿರಲಿಲ್ಲ.

ಪರಮಶಿವಯ್ಯನವರು ಜೀವಮಾನದಲ್ಲಿ ಮೊದಲ ಬಾರಿಗೆ ನಮ್ಮ ಕೇಂದ್ರದ ಕಾಗದವೊಂದನ್ನು ಓದಿದರು. ಮಾರನೆಯ ದಿನವೇ ಫೋನು ಮಾಡಿದರು.

“ಬಹಳ ಉಪಯುಕ್ತ ಪಟ್ಟಿ ಕಣಮ್ಮ. ಶಿಥಿಲ ಸೇತುವೆ ಇಟ್ಕೊಂಡು ನಾಳೆ ಏನಾದ್ರೂ ಅನಾಹುತ ಆದ್ರೆ ನನ್ನ ತಲೆ ಮೇಲೆ ಬರ್ತದೆ. ಕೆಡವೋಕೆ ಟೆಂಡರ್ ಕರೀತಾ ಇದೀನಿ.”

“ಸಾರ್, ಅದು ಬೋರಲಿಂಗಣ್ಣ.”

“ಅದು ಸೇತುವೆ. ಹೆಸರು ಇಟ್ಕೊಂಡಿದ್ರೆ ಇಟ್ಕೊಳ್ಳಲಿ, ನಮ್ಮ ಅಭ್ಯಂತರ ಇಲ್ಲ.”

“ಮನುಷ್ಯನನ್ನ ಹೇಗೆ ಸಾರ್ ಕೆಡವೋದು?”

“ಗಡಿಯಾರ ಗೋಪುರನ ಹೋದ ವರ್ಷ ಕೆಡವಲಿಲ್ವಾ? ಏನಾಯ್ತು? ಎಲ್ಲ ಸುಸೂತ್ರ.”

ಏನಾಗಿತ್ತೆಂದರೆ, ಗಡಿಯಾರ ಗೋಪುರದ ಬಾಳಿಕೆ ಮುಗಿದ ದಿನ ಮುಸ್ಸಂಜೆ ನಿರ್ಮಾಣದವರು ಅದನ್ನು ಮೆಣಸು ಹಾಕಿ ಕೆಡವಿದ್ದರು. ತೆರವು ಸಮಿತಿಯ ಆರೂ ಸದಸ್ಯರು ಅವಶೇಷಗಳನ್ನು ಖುದ್ದಾಗಿ ವಿಲೇವಾರಿ ಮಾಡಿ ಬೆರಳು ನೆಕ್ಕಿಕೊಂಡಿದ್ದರು. ಕಾಮಗಾರಿ ಪೂರ್ಣಗೊಂಡಿದೆ ಎಂಬ ಪತ್ರದ ಮೇಲೆ ಎಣ್ಣೆಯ ಕಲೆ ಈಗಲೂ ಇದೆ. ಅದನ್ನು ಸ್ಕ್ಯಾನ್ ಮಾಡಿದವಳು ನಾನೇ. ಆಗ ನನಗೆ ಅದು ತಮಾಷೆಯಾಗಿ ಕಂಡಿತ್ತು. ಈಗ ಫೋನು ಇಟ್ಟವಳೇ ಕೇಂದ್ರದಿಂದ ಹೊರಗೆ ಓಡಿದೆ.

ಹೊಳೆಯ ಹತ್ತಿರ ಹೋದರೆ ಜಯಸಿಂಹ ಆಗಲೇ ಬಂದು ಸ್ಥಳಪರಿಶೀಲನೆ ನಡೆಸಿದ್ದ. ಅವನ ಆಳೊಬ್ಬ ಟೇಪು ಹಿಡಿದು ಬೋರಲಿಂಗನ ಎದೆಯ ಅಗಲ ಅಳೆಯುತ್ತಿದ್ದ. ಇನ್ನೊಬ್ಬ ಸಣ್ಣ ಸುತ್ತಿಗೆಯಿಂದ ಮಂಡಿ ತಟ್ಟಿ, ಒಳಗೆ ಟೊಳ್ಳೋ ಗಟ್ಟಿಯೋ ಎಂದು ಕಿವಿಗೊಟ್ಟು ಕೇಳುತ್ತಿದ್ದ. ಬೋರಲಿಂಗ ಪಟ್ಟೆ ಬಳಿಸಿಕೊಳ್ಳುವಾಗ ನಿಲ್ಲುವ ಹಾಗೆ ಅಲುಗಾಡದೆ ನಿಂತಿದ್ದ. ಪುಟ್ಟಚೌಡಿ ಮಾತ್ರ ದಡದ ಮೇಲೆ ಸೊಂಟಕ್ಕೆ ಸೆರಗು ಸಿಗಿಸಿ ಅವರ ಏಳು ತಲೆಮಾರನ್ನು ವಿಚಾರಿಸಿಕೊಳ್ಳುತ್ತಿದ್ದಳು.

ಅವರು ಹೋದ ಮೇಲೆ ನಾನು ಪಟ್ಟಿಯ ವಿಷಯ ಹೇಳಿದೆ. ಬಚ್ಚಿಡಲು ಮನಸ್ಸಾಗಲಿಲ್ಲ. ಪುಟ್ಟಚೌಡಿ ನನ್ನನ್ನು ಕಣ್ಣು ಮಿಟುಕಿಸದೆ ನೋಡಿದಳು.

“ಈ ಕೈಯಾಗೇ ನಿನ್ನ ಈಚೆಗೆ ಎಳ್ಕಂಡಿದ್ದು. ಅವತ್ತೇ ಹೊಳೇಗೆ ಬುಟ್ಟಿದ್ರೆ ಮೀನಾದ್ರೂ ತಿಂತಿದ್ವು,” ಎಂದಳು.

“ಸುಮ್ಕಿರು, ಮಗ ಲೆಕ್ಕಾಚಾರ ಮಾಡೈತೆ, ಅದರ ಕೆಲ್ಸ ಅದು,” ಎಂದ ಬೋರಲಿಂಗ. ಆಮೇಲೆ ನನ್ನ ಕಡೆ ತಿರುಗಿ, “ಬಾಳಿಕೆ ಮುಗ್ದದೆ ಅಂದ್ರೆ ಮುಗ್ದದೆ ಕಣವ್ವ. ಮಂಡಿನೂ ಅಂಗೇ ಅಂತದೆ. ಒಂದು ಮಾತು ಮಾತ್ರ ಬರ್ಸು ನಿಮ್ಮ ಕಾಗ್ದದಾಗೆ, ಮುರಿದಿದ್ದು ಏನೈತೋ ಅದನ್ನ ಹೊಳೇಗೆ ಹಾಕ್ಬೇಡಿ ಅಂತ. ನೀರು ಕೆಡ್ತದೆ,” ಎಂದ.

ಆ ಮಾತು ಕೇಳಿ ನನಗೆ ನನ್ನ ಮೇಲೇ ಅಸಹ್ಯವಾಯಿತು. ಇವನನ್ನು ಉಳಿಸದಿದ್ದರೆ ನಾನು ಓದಿದ್ದು, ಬರೆದದ್ದು, ಏಳು ವರ್ಷ ಕಣ್ಣು ಹಾಳುಮಾಡಿಕೊಂಡು ಕೂಡಿಸಿದ್ದು ಎಲ್ಲ ದಂಡ. ಆದರೆ ಉಳಿಸುವುದು ಹೇಗೆ? ನಮ್ಮೂರಿನಲ್ಲಿ ಯಾರಾದರೂ ಅನ್ಯಾಯ ಎಂದು ಕೂಗಿದ್ದಕ್ಕೆ ಏನಾದರೂ ನಿಂತ ದಾಖಲೆ ನನ್ನ ಕೋಷ್ಟಕಗಳಲ್ಲಿಲ್ಲ. ನಿಂತದ್ದೇನಿದ್ದರೂ ಪದ ತಪ್ಪಿದ್ದಕ್ಕೆ.

ಪ್ರಕಟಣೆಯ ಕರಡು ನೋಡಿದೆ. ‘ಶಿಥಿಲ ಸೇತುವೆಯನ್ನು ಕೆಡವುವುದು’ ಎಂದಷ್ಟೇ ಇತ್ತು. ಪರಮಶಿವಯ್ಯನವರ ಮೇಜಿನ ಮುಂದೆ ಹೋಗಿ ನಿಂತು, “ಸಾರ್, ‘ಅಥವಾ ತತ್ಸಮಾನ’ ಬಿಟ್ಟುಹೋಗಿದೆ, ಹೀಗೆ ಪ್ರಕಟಿಸಿದ್ರೆ ಅಸಿಂಧು ಆಗತ್ತೆ,” ಎಂದೆ. ಅವರು ಹೌಹಾರಿ, “ಸದ್ಯ, ಮರ್ಯಾದೆ ಉಳಿಸಿದೆ ತಾಯಿ,” ಎಂದು ಆ ಎರಡು ಪದಗಳನ್ನು ಕೆಂಪು ಮಸಿಯಲ್ಲಿ ಸೇರಿಸಿದರು. ಅದರಿಂದ ಏನಾದೀತು ಎಂದು ನನಗೂ ಗೊತ್ತಿರಲಿಲ್ಲ. ಸಂದಿ ಇದ್ದರೆ ಇರಲಿ, ಯಾರಾದರೂ ನುಸುಳಿಯಾರು ಎಂದುಕೊಂಡೆ.

ಸೋಮವಾರ ಹನ್ನೊಂದಕ್ಕೆ ಸಭಾಂಗಣದಲ್ಲಿ ಲಕೋಟೆಗಳನ್ನು ತೆರೆದರು. ಪರಮಶಿವಯ್ಯ, ನಮ್ಮ ನಿರ್ದೇಶಕರಾದ ಆಚಾರ್ಯರು, ಜಯಸಿಂಹ, ದಾಖಲಿಸಿಕೊಳ್ಳಲು ನಾನು. ಬಾಗಿಲ ಹತ್ತಿರ ಪುಟ್ಟಚೌಡಿ. ಬೋರಲಿಂಗ ಬಂದಿರಲಿಲ್ಲ, ಕೆಲಸದ ವೇಳೆಯಲ್ಲಿ ಸೇತುವೆ ಜಾಗ ಬಿಟ್ಟು ಬರುವುದುಂಟೇ? ಲಕೋಟೆಗಳು ಮೂರು. ಮುಸ್ಸಂಜೆಯ ದರ ಎಲ್ಲಕ್ಕಿಂತ ಕಡಿಮೆ: ಸೊನ್ನೆ. ಹೊಸ ಸೇತುವೆಯ ಟೆಂಡರ್ ಹಿಂದೆಯೇ ಬರುವುದಿತ್ತಲ್ಲ, ಹಳೆಯದನ್ನು ಧರ್ಮಕ್ಕೆ ಕೆಡವಲು ಜಯಸಿಂಹ ತಯಾರಾಗಿದ್ದ. ಪರಮಶಿವಯ್ಯ ಒಕ್ಕಣೆಯನ್ನು ಗಟ್ಟಿಯಾಗಿ ಓದಿದರು: “ಸದರಿ ಸೇತುವೆಯನ್ನು ಒಂದೇ ದಿನದಲ್ಲಿ ಸಂಪೂರ್ಣವಾಗಿ ಕೆಡವುತ್ತೇವೆ.”

ನಾನು ಪರದೆಗೆ ಹಾಕಲು ಕಾಗದವನ್ನು ಕೈಗೆ ತೆಗೆದುಕೊಂಡೆ. ಅಲ್ಲಿ ಇದ್ದದ್ದು ಕೆಡವುತ್ತೇವೆ ಎಂದಲ್ಲ.

“ಸಾರ್, ‘ಕೊಡವುತ್ತೇವೆ’ ಅಂತ ಇದೆ.”

“ಏನು?”

“ಕೊಡವುತ್ತೇವೆ. ಕಂಬಳಿ ಕೊಡವ್ತಾರಲ್ಲ, ಹಾಗೆ.”

ಜಯಸಿಂಹ ನಕ್ಕ. “ಟೈಪಿಂಗ್ ಮಿಸ್ಟೇಕು ಬಿಡಮ್ಮ. ಕೆಡವೋದು ಅಂತ್ಲೇ ಓದ್ಕೋ.”

ಉಳಿದೆರಡು ಕಾಗದಗಳನ್ನೂ ಬಿಡಿಸಿ ಮೇಜಿನ ಮೇಲೆ ಪಕ್ಕಪಕ್ಕದಲ್ಲಿಟ್ಟೆ. “ಯಾರ ಟೈಪಿಂಗ್ ಮಿಸ್ಟೇಕು ಸಾರ್? ಮುಂಜಾವಿನವರೂ ಕೊಡವ್ತೀವಿ ಅಂದಿದಾರೆ. ನಡುಹಗಲಿನವರೂ ಕೊಡವ್ತೀವಿ ಅಂದಿದಾರೆ. ಮೂರು ಸಂಸ್ಥೆ, ಮೂರು ಆಫೀಸು, ಮೂರು ಟೈಪಿಸ್ಟು. ಮೂವರ ಬೆರಳೂ ಒಂದೇ ಅಕ್ಷರದ ಮೇಲೆ ಜಾರಿತಾ? ಇದು ತಪ್ಪು ಅಂತ ಬರೆದುಕೊಳ್ಳೋದಾದ್ರೆ ಒಬ್ಬರೇ ಬರೆದದ್ದು ಅಂತಲೂ ಬರೆದುಕೊಳ್ಳಬೇಕಾಗತ್ತೆ. ಹಾಗಾದ್ರೆ ಹಿಂದಿನ ಇನ್ನೂರ ಹನ್ನೆರಡನ್ನೂ ತೆಗೆಯಬೇಕಾಗತ್ತೆ. ಕೋಷ್ಟಕ ಬೀರುವಿನಲ್ಲಿದೆ.”

ಗೋಡೆಯ ಮೇಲೆ, ಒಬ್ಬನೇ ಎರಡು ಬಿಡ್ ಹಾಕಿದರೆ ಅವನ ಹಳೆಯ ಕಾಮಗಾರಿಗಳನ್ನೆಲ್ಲ ಮರುಪರಿಶೀಲಿಸತಕ್ಕದ್ದು ಎಂಬ ನಿಯಮವನ್ನು ದೊಡ್ಡಕ್ಷರದಲ್ಲಿ ಬರೆಸಿದ್ದರು. ಅದನ್ನು ಬರೆಯುವ ಕಾಮಗಾರಿಯೂ ಮುಸ್ಸಂಜೆಯವರದ್ದೇ. ಪರಮಶಿವಯ್ಯ ಅದರ ಕಡೆ ನೋಡದಿರಲು ಹರಸಾಹಸ ಪಡುತ್ತಿದ್ದರು. ಇನ್ನೂರ ಹನ್ನೆರಡರ ಕೆಳಗೂ ಇದ್ದದ್ದು ಅವರದೇ ಸಹಿ.

ಜಯಸಿಂಹ ಕರವಸ್ತ್ರ ತೆಗೆದು ಕುತ್ತಿಗೆ ಒರೆಸಿಕೊಂಡ. “ತಪ್ಪು ಅಂತ ಯಾರು ಹೇಳಿದ್ರು? ತಮಾಷೆಗೆ ಅಂದೆ. ಕೊಡವೋದು ಅಂತ್ಲೇ ನಾವು ಬರೆದಿದ್ದು.”

“ನಾವು ಅಂದ್ರೆ?”

“ಮುಸ್ಸಂಜೆಯವರು! ಬೇರೆಯವರ ವಿಷಯ ನಂಗ್ಯಾಕೆ? ಅವರನ್ನ ಕೇಳ್ಕೊಳ್ಳಿ.” ಅವರನ್ನು ಕೇಳಬೇಕಾದರೆ ಅವನು ಹೊರಗೆ ಹೋಗಿ ಅಂಗಿ ಬದಲಿಸಿಕೊಂಡು ಬರಬೇಕಿತ್ತು.

“ಕೆಡವೋದಕ್ಕೆ ಕೊಡವೋದು ತತ್ಸಮಾನ ಆಗತ್ತಾ?” ಎಂದು ಪರಮಶಿವಯ್ಯ ಆಚಾರ್ಯರನ್ನು ಕೇಳಿದರು. ಆಚಾರ್ಯರು ಕನ್ನಡಕ ತೆಗೆದು, ಒರೆಸಿ, ಮತ್ತೆ ಹಾಕಿಕೊಂಡು, “ಹೆಚ್ಚಿನ ಅಧ್ಯಯನದ ಅಗತ್ಯವಿದೆ,” ಎಂದರು. ಅಧ್ಯಯನ ಎಂದರೆ ಬೀರು ತೆರೆಯಬೇಕು. ಪರಮಶಿವಯ್ಯ ಕುರ್ಚಿಯಿಂದ ಅರ್ಧ ಎದ್ದೇಬಿಟ್ಟರು. “ಏನೂ ಬೇಡ, ಏನೂ ಬೇಡ! ಎರಡರಲ್ಲೂ ಧೂಳು ಏಳ್ತದೆ. ತತ್ಸಮಾನವೇ!” ಎಂದು ಮುದ್ರೆ ಒತ್ತಿದರು. ಆಚಾರ್ಯರು ಆ ಸಾಲನ್ನು ಜೀವನದಲ್ಲಿ ಸಾವಿರ ಸಲ ಬರೆದಿದ್ದಾರೆ, ಅದು ಉಪಯೋಗಕ್ಕೆ ಬಂದದ್ದು ಅದೊಂದೇ ಸಲ.

ಮಾರನೆಯ ದಿನ ಬೆಳಿಗ್ಗೆ ಕಾಮಗಾರಿ ನಡೆಯಿತು. ಜಯಸಿಂಹನ ನಾಲ್ಕು ಆಳುಗಳು ತಲೆಗೆ ಹೆಲ್ಮೆಟ್ ಹಾಕಿಕೊಂಡು ಬಂದು, ಸುತ್ತ ಕೆಂಪು ಟೇಪು ಕಟ್ಟಿ, ಬೋರಲಿಂಗನ ಎರಡೂ ಭುಜ ಹಿಡಿದು ಚೆನ್ನಾಗಿ ಕೊಡವಿದರು. ಅವನ ಟವಲನ್ನು ಬೇರೆಯಾಗಿ ಕೊಡವಿದರು. ಒಬ್ಬ ಅವನ ತಲೆಗೂದಲನ್ನೂ ಬೆರಳಾಡಿಸಿ ಕೊಡವಿದ. ಮೂವತ್ತು ವರ್ಷದ ಧೂಳು ಬಹಳವೇ ಇತ್ತು. ಬೋರಲಿಂಗನಿಗೆ ಕಚಗುಳಿಯಾಗಿ ನಗು ಬಂತು. ಸೇತುವೆ ನಕ್ಕದ್ದನ್ನು ಊರವರು ನೋಡಿದ್ದು ಅದೇ ಮೊದಲು. ಹತ್ತು ಗಂಟೆಗೆ ಪರಮಶಿವಯ್ಯ ‘ಸೇತುವೆಯನ್ನು ಸಂಪೂರ್ಣವಾಗಿ ತೆರವುಗೊಳಿಸಲಾಗಿದೆ’ ಎಂದು ಸಹಿ ಮಾಡಿದರು. ಭಾರಮಿತಿಯ ಬೋರ್ಡು ಕಿತ್ತರು. ಪುಟ್ಟಚೌಡಿ ಗಂಡನ ರಟ್ಟೆ ಹಿಡಿದು, “ನಡಿ ಮನೆಗೆ, ಕಾಲು ತಿಕ್ಕಬೇಕು,” ಎಂದಳು. ಆ ಪಟ್ಟೆ ಹೋಗಿಸಲು ಮೂರು ದಿನ ಹಿಡಿಯಿತಂತೆ.

ಊರವರು ನನ್ನನ್ನು ಹೊತ್ತು ಮೆರೆಸಿದರು ಎಂದುಕೊಂಡಿರಾ? ಎರಡೂ ದಡದಲ್ಲಿ ನಿಂತು ಶಾಪ ಹಾಕಿದರು. “ಗಟ್ಟಿಮುಟ್ಟಾಗಿದ್ದ ಸೇತುವೆ. ಈಯಮ್ಮ ಪಟ್ಟಿ ಮಾಡಿ ತೆಗೆಸಿಬಿಟ್ಲು,” ಎನ್ನುವುದು ಅವರ ದೂರು. ಅದರಲ್ಲಿ ಸುಳ್ಳೇನೂ ಇರಲಿಲ್ಲ. ಜನ ಎರಡು ಮೈಲಿ ಸುತ್ತಿ ಕಲ್ಲುಹಾಸಿನ ಮೇಲೆ ದಾಟತೊಡಗಿದರು, ನಾನೂ ದಾಟಿದೆ. ಬೋರಲಿಂಗ ಹೊಳೆಯ ಹತ್ತಿರ ಸುಳಿಯಲಿಲ್ಲ. ಯಾರಾದರೂ ಕರೆದರೆ, “ನಾನಿಲ್ಲವಲ್ಲ ಬುದ್ಧಿ, ಕೆಡವಿಬುಟ್ಟವ್ರೆ,” ಎನ್ನುತ್ತಿದ್ದನಂತೆ.

ಪರಮಶಿವಯ್ಯ ನನ್ನ ಉಪಕಾರವನ್ನು ಮರೆಯಲಿಲ್ಲ. ಆರನೆಯ ವಾರ ನನ್ನದೇ ಪಟ್ಟಿಯ ಎರಡನೆಯ ಸಾಲಿಗೆ ಟೆಂಡರ್ ಕರೆದರು: ‘ಬಾಳಿಕೆ ಮುಗಿದ ತಂತ್ರಾಂಶವನ್ನು ಅಳಿಸುವುದು ಅಥವಾ ತತ್ಸಮಾನ’. ಕೊನೆಯ ದಿನ ಶುಕ್ರವಾರ, ಸಂಜೆ ಐದು. ಈ ಸಲ ಜಯಸಿಂಹ ಒಂದೊಂದು ಅಕ್ಷರವನ್ನೂ ಮೂರು ಸಲ ತಿದ್ದಿಸುತ್ತಿದ್ದಾನೆ ಎಂದು ಸುದ್ದಿ ಬಂತು. ಅಳಿಸುವುದೆಂದರೆ ಏನು ಮಾಡುತ್ತಾರೋ ನನಗೆ ತಿಳಿಯದು. ನನ್ನ ಕೋಷ್ಟಕಗಳಂತೂ ಹೋಗುತ್ತವೆ. ಮಿಕ್ಕದ್ದು ಯೋಚಿಸಲು ಧೈರ್ಯವಾಗಲಿಲ್ಲ.

ಶುಕ್ರವಾರ ಬೆಳಿಗ್ಗೆ ಸುತ್ತಿ ಹೋಗಲು ಮನಸ್ಸಾಗದೆ ಹೊಳೆಯ ದಡದಲ್ಲಿ ಕೂತುಬಿಟ್ಟೆ. ಹಿಂದಿನಿಂದ ಯಾರೋ ಕೆಮ್ಮಿದರು. ಬೋರಲಿಂಗ. ಬುಟ್ಟಿಯಿರಲಿಲ್ಲ, ಕಾಲಿಗೆ ಪಟ್ಟೆಯಿರಲಿಲ್ಲ, ಒಗೆದ ಅಂಗಿ ತೊಟ್ಟಿದ್ದ. ಅವನ ಹಿಂದೆ ಪುಟ್ಟಚೌಡಿ.

“ಏಳವ್ವ. ಆಚೆಗೆ ಬುಡ್ತೀನಿ.”

“ನೀನು ಸೇತುವೆ ಅಲ್ಲವಲ್ಲಣ್ಣ ಈಗ.”

“ಅಲ್ಲ. ಅದ್ಕೇ ಬಂದಿದ್ದು. ಸೇತುವೆ ಆಗಿದ್ದಾಗ ಎಲ್ಲಾರ್ನೂ ದಾಟಿಸ್ದೆ, ಅದು ಡ್ಯೂಟಿ. ಈಗ ನಂಗೆ ಬೇಕು ಅನ್ನಿಸ್ದೋರ್ನ ದಾಟಿಸ್ತೀನಿ. ನೀನೊಬ್ಳೇ ಅನ್ನಿಸಿದ್ದು.”

ಹೊತ್ತುಕೊಳ್ಳಲು ಮಂಡಿ ಕೇಳುವುದಿಲ್ಲ ಎಂದು ಕೈ ಹಿಡಿದು ನೀರಿಗಿಳಿಸಿದ. ನೀರು ಮಂಡಿಗಿಂತ ಸ್ವಲ್ಪ ಮೇಲಿತ್ತು, ಅಷ್ಟೇ. ಇಷ್ಟು ವರ್ಷ ಬುಟ್ಟಿಯಲ್ಲಿ ಕೂತಿದ್ದ ನನಗೆ ಅದು ಗೊತ್ತೇ ಇರಲಿಲ್ಲ. ನಡುಹೊಳೆಯಲ್ಲಿ ಅವನು ನಿಂತ. “ಇಲ್ಲೇ ಕಣವ್ವ ನೀನು ಹುಟ್ಟಿದ್ದು. ಮಂಡಿ ಸೆಟೆದೋಗಿತ್ತು. ನೀನು ಅಳೋ ತನಕ ಅಲ್ಲಾಡ್ಲಿಲ್ಲ ನಾನು,” ಎಂದ. ನಾನು ಅವನ ಭುಜಕ್ಕೆ ಹಣೆಯಿಟ್ಟು ಅತ್ತುಬಿಟ್ಟೆ. ಮೆಲ್ಲಗೆ ಅಲ್ಲ, ಹುಟ್ಟಿದ ದಿನ ಅತ್ತ ಹಾಗೆ, ಬಾಯಿಬಿಟ್ಟು.

ದಡದಿಂದ ಪುಟ್ಟಚೌಡಿ ಕೂಗಿದಳು. “ಏನ್ ಮಾಡ್ದೆಯೋ ಮುದ್ಕಾ? ಯಾಕೋ ಮಗೀನ ಅಳಿಸ್ದೆ?”

ನನ್ನ ಅಳು ಅರ್ಧಕ್ಕೇ ನಿಂತಿತು.

ಆಚೆ ದಡ ಮುಟ್ಟಿದವಳೇ ಚೀಲದಿಂದ ಒಂದು ಹಾಳೆ ತೆಗೆದು, ಮಂಡಿಯ ಮೇಲಿಟ್ಟುಕೊಂಡು ಬರೆದೆ: ‘ಸದರಿ ತಂತ್ರಾಂಶವನ್ನು ಸಂಪೂರ್ಣವಾಗಿ ಅಳಿಸಿರುತ್ತೇನೆ. ದರ ಸೊನ್ನೆ. ಕಾಮಗಾರಿ ಮುಗಿದಿದೆ. ಸಾಕ್ಷಿ, ಹೆಂಡತಿ.’ ಬೋರಲಿಂಗ ಹೆಬ್ಬೆಟ್ಟು ಒತ್ತಿದ. ಮಧ್ಯಾಹ್ನ ಪರಮಶಿವಯ್ಯ ಅದನ್ನು ಎರಡು ಸಲ ಓದಿದರು, ನನ್ನ ಊದಿದ ಕಣ್ಣುಗಳನ್ನು ನೋಡಿದರು, ಗೋಡೆಯ ಮೇಲಿನ ನಿಯಮವನ್ನೂ ನೋಡಿದರು. ಕಾಗುಣಿತದಲ್ಲಿ ಒಂದೇ ಒಂದು ತಪ್ಪಿರಲಿಲ್ಲ, ಮುಗಿದ ಕಾಮಗಾರಿಗೆ ಐದು ಗಂಟೆಯವರೆಗೆ ಕಾಯುವ ಅಗತ್ಯವೂ ಇರಲಿಲ್ಲ. ಮುದ್ರೆ ಒತ್ತಿ, “ಅಳಿಸಲಾಗಿದೆ,” ಎಂದರು.

ಈಗ ಪುರಸಭೆಯ ದಾಖಲೆಯಲ್ಲಿ ಸೇತುವೆಯೂ ಇಲ್ಲ, ನಾನೂ ಇಲ್ಲ. ದಿನಾ ಬೆಳಿಗ್ಗೆ ಕೈ ಹಿಡಿದುಕೊಂಡು ಹೊಳೆ ದಾಟುತ್ತೇವೆ.